ವಾಲ್ಪ್ರೊಯೇಟ್ ಅಥವಾ ಲೆವೆಟಿರಾಸಿಟಮ್: ಮೂರ್ಛೆರೋಗವಿರುವ ಯುವತಿಯರಿಗೆ ಯಾವುದು?

ಮಿದುಳಿನ ಎರಡೂ ಪಾರ್ಶ್ವಗಳಲ್ಲಿ ಏಕಕಾಲಕ್ಕೆ ಆರಂಭವಾಗುವ ಮೂರ್ಛೆರೋಗಕ್ಕೆ, 1960ರ ದಶಕದಿಂದ ಬಳಕೆಯಲ್ಲಿರುವ ವಾಲ್ಪ್ರೊಯೇಟ್ ಇಂದಿಗೂ ಅತ್ಯಂತ ಪರಿಣಾಮಕಾರಿ ಔಷಧಗಳಲ್ಲೊಂದು. ಲೆವೆಟಿರಾಸಿಟಮ್ ಅದಕ್ಕೆ ಸಮನಾದೀತೆಂಬ ನಿರೀಕ್ಷೆಯನ್ನು 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಸನಾಡ್-2 ಅಧ್ಯಯನ ಹುಸಿಯಾಗಿಸಿತು. ಆದರೆ ಗರ್ಭಾವಸ್ಥೆಯಲ್ಲಿ ವಾಲ್ಪ್ರೊಯೇಟ್ ಸೇವಿಸಿದವರ ಮಕ್ಕಳಲ್ಲಿ ಸುಮಾರು 10ರಲ್ಲಿ ಒಬ್ಬರಿಗೆ ಜನ್ಮದೋಷವೂ, 3-4 ಮಂದಿಗೆ ಕಲಿಕೆ ಮತ್ತು ಬೆಳವಣಿಗೆಯ ತೊಂದರೆಯೂ ಕಾಣಿಸಿಕೊಳ್ಳುತ್ತದೆ. ಲೆವೆಟಿರಾಸಿಟಮ್‌ನಲ್ಲಿ ಜನ್ಮದೋಷದ ಅಪಾಯ ಗಣನೀಯವಾಗಿ ಕಡಿಮೆ. ಅದರ ತೊಡಕು ಸಿಡುಕು ಮತ್ತು ಖಿನ್ನತೆ. ಇದನ್ನು ಮನೆಯವರು ಸ್ವಭಾವದೋಷವೆಂದು ಹಳಿಯುವುದು ನಿಜಕ್ಕೂ ನೋವಿನ ಸಂಗತಿ. ಮುಂದೆ ಮಗುವನ್ನು ಬಯಸುವವರು ಲೆವೆಟಿರಾಸಿಟಮ್‌ನಿಂದ ಆರಂಭಿಸುವುದೇ ಉಚಿತವೆಂದು ನನ್ನ ಅಭಿಪ್ರಾಯ. ಈಗಾಗಲೇ ವಾಲ್ಪ್ರೊಯೇಟ್ ಸೇವಿಸುತ್ತಿರುವವರು, ಗರ್ಭ ನಿಂತಿತೆಂದು ತಿಳಿದರೂ, ತಾವಾಗಿ ಮಾತ್ರೆ ನಿಲ್ಲಿಸಬಾರದು. ಹಠಾತ್ತನೆ ಬಿಟ್ಟರೆ ಬರುವ ತೀವ್ರ ಫಿಟ್ಸ್ ತಾಯಿಯ ಜೀವಕ್ಕೇ ಎರವಾಗಬಹುದಾದ್ದರಿಂದ, ಗರ್ಭಧಾರಣೆಗೆ ಮುನ್ನವೇ ನರರೋಗ ತಜ್ಞರೊಡನೆ ಬದಲಾವಣೆಯನ್ನು ಯೋಜಿಸಬೇಕು.