ಮೃತ ಸಮುದ್ರದ ಸೋರಿಯಾಸಿಸ್ ಚಿಕಿತ್ಸೆ: ನಾಲ್ಕು ವಾರ ಬಿಡುವಿದ್ದರೆ ಮಾತ್ರ ಹೋಗಿ

ಮೃತ ಸಮುದ್ರ ಅಂದರೆ ಎಲ್ಲರೂ ಉಪ್ಪುನೀರು, ಕಪ್ಪು ಕೆಸರು ಅಂತಾರೆ. ಆದರೆ ಚರ್ಮದ ಮೇಲೆ ಕೆಂಪು ಮಚ್ಚೆ, ಹುರುಪೆ ಏಳುವ ಸೋರಿಯಾಸಿಸ್ ಕಾಯಿಲೆ ವಿಷಯದಲ್ಲಿ ಮುಖ್ಯ ಔಷಧಿ ಅಲ್ಲಿನ ಬಿಸಿಲು. ಆ ದಡ ಸಮುದ್ರಮಟ್ಟಕ್ಕಿಂತ 430 ಮೀಟರಿಗೂ ಕೆಳಗಿದೆ. ಸೂರ್ಯನ ಬೆಳಕು ಅಷ್ಟು ದಪ್ಪದ ಹೆಚ್ಚುವರಿ ಗಾಳಿಯನ್ನೂ ಆವಿಯನ್ನೂ ದಾಟಿ ಬರುವುದರಿಂದ, ಚರ್ಮವನ್ನು ಬೇಗ ಸುಡುವ ಗಿಡ್ಡ ಅಲೆಗಳ ಯುವಿಬಿ (ಬಿಸಿಲಿನ ಒಂದು ಬಗೆಯ ಅತಿನೇರಳೆ ಕಿರಣ) ಒಂದಷ್ಟು ಸೋಸಿಹೋಗುತ್ತದೆ. ಹಾಗಾಗಿ ಹೆಚ್ಚು ಹೊತ್ತು ಮೈಯೊಡ್ಡಬಹುದು. ಸುಡುವುದೇ ಇಲ್ಲ ಅಂತಲ್ಲ, ಎಡವಟ್ಟಾಗುವುದೂ ಇಲ್ಲೇ.

ಇಸ್ರೇಲ್ ಬದಿಯ ಐನ್ ಬೊಕೆಕ್ ದಡದ ಪೂರ್ತಿ ಕೋರ್ಸ್ ನಾಲ್ಕು ವಾರದ್ದು. ಮೊದಲ ದಿನ ಬೆಳಿಗ್ಗೆ 10–15 ನಿಮಿಷ, ಸಂಜೆ ಮುಂಚೆ ಅಷ್ಟೇ. ಆಮೇಲೆ ಮೈಬಣ್ಣ ನೋಡಿ ವೈದ್ಯರು ಸ್ವಲ್ಪಸ್ವಲ್ಪವೇ ಏರಿಸುತ್ತಾರೆ. ಬೇಗ ವಾಸಿಯಾಗಲಿ ಅಂತ ಎರಡನೇ ದಿನವೇ ಒಂದು ಗಂಟೆ ಮಲಗಿದರೆ ಚರ್ಮ ಕೆಂಪಗೆ ಸುಡುತ್ತದೆ, ಸುಟ್ಟ ಜಾಗದಲ್ಲೇ ಹೊಸ ಮಚ್ಚೆ ಏಳಬಹುದು. ಹುರುಪೆ ದಪ್ಪಗಿದ್ದರೆ ಬೆಳಕು ಒಳಗಿಳಿಯುವುದಿಲ್ಲ. ಮೊದಲು ಮುಲಾಮು ಹಚ್ಚಿ ಮೆದು ಮಾಡಿ ತೆಗೆಯಬೇಕು.

ನೀರಿನಲ್ಲಿ ಉಪ್ಪಿನಂಶ ಸುಮಾರು 34%, ಬೇರೆ ಸಮುದ್ರಗಳ ಹತ್ತು ಪಟ್ಟು. ಒಮ್ಮೆಗೆ 10–15 ನಿಮಿಷ ಸಾಕು. ಹಿಂದಿನ ದಿನ ಶೇವ್ ಮಾಡಬೇಡಿ, ಕೂದಲೆಳೆಯಷ್ಟು ಗೀರಿದ್ದರೂ ಕಿಡಿ ಇಟ್ಟಂತೆ ಉರಿಯುತ್ತದೆ. ಅಂಗಾತ ತೇಲಿ. ಬೋರಲಾದರೆ ನೀರು ಕಾಲನ್ನು ಮೇಲಕ್ಕೆ ಎತ್ತಿಬಿಡುತ್ತದೆ, ಮುಖ ಎತ್ತುವುದು ಕಷ್ಟ. ಏಳುವಾಗ ಮೊಣಕಾಲನ್ನು ಎದೆಗೆ ಎಳೆದುಕೊಂಡು ಪಾದ ಕೆಳಗಿಳಿಸಿ. ನೀರು ಗುಟುಕರಿಸಿದರೆ ರಕ್ತದಲ್ಲಿ ಮೆಗ್ನೀಸಿಯಂ ಅಪಾಯದ ಮಟ್ಟಕ್ಕೆ ಏರಬಹುದು; ನೇರ ಆಸ್ಪತ್ರೆಗೆ ಹೋಗಿ. ಹೊರಬಂದ ಕೂಡಲೇ ಸಿಹಿನೀರಲ್ಲಿ ತೊಳೆದು, ಮೈ ಒದ್ದೆಯಿರುವಾಗಲೇ ಮುಲಾಮು ಹಚ್ಚಿ.

ಕೆಸರಿನ ಪ್ಯಾಕೇಜಿಗೆ ದುಡ್ಡು ಸುರಿಯಬೇಡಿ. ಒಂದು ವಾರದ ಪ್ಯಾಕೇಜೂ ಬೇಡ, ಅಷ್ಟರಲ್ಲಿ ಮೈ ಬಿಸಿಲಿಗೆ ಹೊಂದಿಕೊಂಡಿರುತ್ತದೆ ಅಷ್ಟೇ. ಪೂರ್ತಿ ಕೋರ್ಸ್ ಮಾಡಿದ ಹೆಚ್ಚಿನವರ ಚರ್ಮ ಚೆನ್ನಾಗಿ ತಿಳಿಯಾಗುತ್ತದೆ, ಇದನ್ನು ಧೈರ್ಯವಾಗಿ ಹೇಳಬಹುದು. ಆದರೆ ಕಾಯಿಲೆ ಬೇರುಸಮೇತ ಹೋಗುವುದಿಲ್ಲ, ಕೆಲವು ತಿಂಗಳಲ್ಲಿ ಮರಳುವುದು ಸಾಮಾನ್ಯ.

ಬಿಸಿಲಿಗೆ ಕೆರಳುವ ಲೂಪಸ್ ಕಾಯಿಲೆ ಇರುವವರು ಹೋಗಲೇಬಾರದು. ಹಿಂದೆ ಚರ್ಮದ ಕ್ಯಾನ್ಸರ್ ಆಗಿದ್ದವರೂ ಅಷ್ಟೇ. ಡಾಕ್ಸಿಸೈಕ್ಲಿನ್ (ಆಂಟಿಬಯೋಟಿಕ್), ಹೈಡ್ರೋಕ್ಲೋರೋಥಯಝೈಡ್‌ನಂಥ (ಬಿಪಿಗೆ ಕೊಡುವ) ಮಾತ್ರೆಗಳು ಬಿಸಿಲಿನ ಸುಡುವಿಕೆ ಹೆಚ್ಚಿಸುತ್ತವೆ. ಮಾತ್ರೆಪಟ್ಟಿಯನ್ನು ಟಿಕೆಟ್ ಮಾಡಿಸುವ ಮುಂಚೆಯೇ ವೈದ್ಯರಿಗೆ ತೋರಿಸಿ. ಬುಕ್ ಮಾಡುವಾಗ ಒಂದೇ ಪ್ರಶ್ನೆ ಕೇಳಿ: ಚರ್ಮವೈದ್ಯರು ವಾರಕ್ಕೆ ಎಷ್ಟು ಸಲ ನೋಡುತ್ತಾರೆ? ಸರಿಯಾದ ಉತ್ತರ ಬರದಿದ್ದರೆ ಅದು ಬರೀ ಹೋಟೆಲ್.