ಎರಡೂವರೆ ವರ್ಷದ ಸ್ಲೋ ಕುಕ್ಕರ್: ಕೋಳಿ ಬೆಣ್ಣೆ ಹಾಗೆ ಬೇಯುತ್ತದೆ, ಆದರೆ ಕರೆಂಟ್ ಹೋದರೆ ಎಲ್ಲ ಮರೆತುಬಿಡುತ್ತದೆ

ಈ ಸ್ಲೋ ಕುಕ್ಕರ್, ಅಂದರೆ ಕರೆಂಟಿನ ಸಣ್ಣ ಕಾವಿನಲ್ಲಿ ತಾಸುಗಟ್ಟಲೆ ನಿಧಾನ ಬೇಯಿಸುವ ಪಿಂಗಾಣಿ ಪಾತ್ರೆ, ನಮ್ಮ ಮನೆಗೆ ಬಂದು ಎರಡೂವರೆ ವರ್ಷ ಆಯಿತು. ಮೂರೂವರೆ ಲೀಟರ್, 200 ವ್ಯಾಟ್, ಮುಂದೆ ಬಟನ್ ಮತ್ತು ಸಣ್ಣ ಡಿಸ್‌ಪ್ಲೇ ಇರುವ ಡಿಜಿಟಲ್ ಮಾದರಿ. ನಾನು ಕೊಟ್ಟಿದ್ದು 4,600 ರೂಪಾಯಿ. ಉಳಿದ ವಿವರ ಡಬ್ಬದ ಮೇಲೇ ಇರುತ್ತದೆ, ಅದನ್ನು ಬಿಡುತ್ತೇನೆ. ಶ್ರಾವಣ ಒಂದು ಬಿಟ್ಟು ಹೆಚ್ಚುಕಮ್ಮಿ ಪ್ರತಿ ಬುಧವಾರ ಇದರಲ್ಲಿ ಬಾರ್ಬೆಕ್ಯೂ ಚಿಕನ್ ಮಾಡಿದ್ದೇನೆ. ಹಾಗಾಗಿ ಇದರ ಗುಣವೂ ಗೊತ್ತು, ಅವಗುಣವೂ ಗೊತ್ತು.

ತಗೊಂಡಿದ್ದು ನಾದಿನಿಯ ಮಾತು ಕೇಳಿ. ಅವಳು ಇರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ. ಅಲ್ಲಿ ಇದು ಹೊಸದೇನಲ್ಲ. 1971ರಲ್ಲೇ ಕ್ರಾಕ್-ಪಾಟ್ ಅನ್ನುವ ಹೆಸರಿನಲ್ಲಿ ಅಂಗಡಿಗೆ ಬಂತು, ಹೊರಗೆ ದುಡಿಯುವ ಹೆಂಗಸರಿಗೆ ಅನುಕೂಲ ಅಂತಲೇ ಮಾರಿದರು. ಬೆಳಿಗ್ಗೆ ಕೋಳಿ, ಸಾಸ್ ಹಾಕಿ ಮುಚ್ಚಿ ಹೋದರೆ ಸಂಜೆ ಊಟ ತಯಾರು. ಬರುವಾಗ ಅಲ್ಲಿಂದಲೇ ಒಂದು ತಂದುಕೊಡು ಅಂದೆ. "ಬ್ಯಾಡ ವೈನಿ, ಇಲ್ಲಿ ಕರೆಂಟ್ 120 ವೋಲ್ಟ್, ನಿಮ್ಮಲ್ಲಿ 230. ಪ್ಲಗ್ ಹಾಕಿದ ಕೂಡಲೇ ಸುಟ್ಟು ಹೋಗ್ತದ" ಅಂದಳು. ಅದಕ್ಕೆ ಇಲ್ಲೇ ಕೊಂಡೆ.

ನಾನು ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಮನೆಯವರು ದಾಲ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತಾರೆ. ತೊಗರಿ ಸೀಸನ್ ಶುರುವಾದರೆ ಅವರು ರಾತ್ರಿ ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಹೇಳುವಂತಿಲ್ಲ. ಇಬ್ಬರು ಮಕ್ಕಳು, ಅತ್ತೆ, ಸಣ್ಣ ಅಡುಗೆಮನೆ. ಕಲಬುರಗಿಯ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ. ನಮ್ಮ ವಿಭಾಗದ ಕಚೇರಿಗಳನ್ನು ಆಗ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಇಳಿಸುತ್ತಾರೆ ಅಂದ ಮೇಲೆ ಲೆಕ್ಕ ಹಾಕಿ. ಆ ಬಿಸಿಲಲ್ಲಿ ಮನೆಗೆ ಬಂದು ಮತ್ತೆ ಗ್ಯಾಸ್ ಮುಂದೆ ನಿಂತು ಕೋಳಿ ಹುರಿಯುವುದು ಒಂದು ಶಿಕ್ಷೆ. ನನ್ನ ಮಟ್ಟಿಗೆ ಈ ಪಾತ್ರೆಯ ಬೆಲೆ ಇರುವುದು ಅಲ್ಲಿ. ಅಡುಗೆಮನೆ ಬಿಸಿಯಾಗುವುದಿಲ್ಲ.

ಬೇಸಿಗೆಯಲ್ಲಿ ನನ್ನ ಬುಧವಾರ ಹೀಗೆ. ಆರೂವರೆಗೆ ಕೋಳಿ ಅಂಗಡಿ. "ಸ್ಕಿನ್ ಔಟ್, ತೊಡೆ ಪೀಸ್, ಕಡಿಬ್ಯಾಡ್ರಿ, ಇಡಿ ಬಿಡ್ರಿ" ಅಂತ ಪ್ರತಿ ಸಲ ಹೇಳಬೇಕು, ಇಲ್ಲವಾದರೆ ಅಭ್ಯಾಸದ ಮೇಲೆ ಕರಿ ಕಟ್ ಮಾಡಿಬಿಡುತ್ತಾರೆ. ಎದೆ ಭಾಗ ತರಬೇಡಿ, ಅದು ಆರು ತಾಸು ಬೆಂದರೆ ನಾರುನಾರಾಗಿ ಒಣಗುತ್ತದೆ. ತೊಡೆಯಲ್ಲಿ ಕೊಬ್ಬಿದೆ, ನರ ಇದೆ. ನಿಧಾನ ಬೆಂದಾಗ ಆ ನರವೇ ಕರಗಿ ಅಂಟಂಟಾದ ರಸ ಆಗುತ್ತದೆ. ಮೂಳೆ ಎಳೆದರೆ ತಾನೇ ಕೈಗೆ ಬರುತ್ತದೆ.

ಪಿಂಗಾಣಿ ಪಾತ್ರೆಯ ತಳಕ್ಕೆ ಎರಡು ದೊಡ್ಡ ಉಳ್ಳಾಗಡ್ಡಿ ಉದ್ದಕ್ಕೆ ಹೆಚ್ಚಿ ಹಾಸುತ್ತೇನೆ. ಮೇಲೆ ಒಂದೂಕಾಲು ಕೆಜಿ ಕೋಳಿ. ಮುಕ್ಕಾಲು ಬಟ್ಟಲು ಟೊಮ್ಯಾಟೊ ಕೆಚಪ್, ಮೂರು ಚಮಚ ಬೆಲ್ಲದ ಪುಡಿ, ಎರಡು ಚಮಚ ವಿನೆಗರ್, ಜಜ್ಜಿದ ಹತ್ತು ಎಸಳು ಬೆಳ್ಳುಳ್ಳಿ, ಎರಡು ಚಮಚ ಬ್ಯಾಡಗಿ ಖಾರ, ಅರ್ಧ ಚಮಚ ಸಾಸಿವೆ ಪುಡಿ, ಮೆಣಸು, ಉಪ್ಪು. ಅಮೆರಿಕದವರು ಬೆಲ್ಲದ ಜಾಗಕ್ಕೆ ಕಂದು ಸಕ್ಕರೆಯನ್ನೋ ಮೊಲಾಸಸ್ ಅನ್ನೋ ಹಾಕುತ್ತಾರೆ. ನಮ್ಮ ಕಪ್ಪು ಬೆಲ್ಲ ಅದಕ್ಕಿಂತ ಏನೂ ಕಡಿಮೆ ಇಲ್ಲ. ಎಲ್ಲ ಕಲಸಿ ಸುರಿದು, ಮುಚ್ಚಿ, ಲೋ ಒತ್ತಿ, ಆರು ತಾಸು ಇಟ್ಟು ಏಳೂಕಾಲಿಗೆ ಕೈ ತೊಳೆದುಕೊಂಡರೆ ಮುಗಿಯಿತು.

ಮೊದಲ ಸಲ ಪ್ರೆಶರ್ ಕುಕ್ಕರ್ ಅಭ್ಯಾಸದಲ್ಲಿ ಒಂದು ಲೋಟ ನೀರು ಹಾಕಿದ್ದೆ. ಸಾರು ಆಗಿತ್ತು. ಇದರ ಮುಚ್ಚಳದಿಂದ ಹಬೆ ಹೊರಗೆ ಹೋಗುವುದೇ ಕಡಿಮೆ, ಕೋಳಿಯೇ ಬೇಕಾದಷ್ಟು ನೀರು ಬಿಡುತ್ತದೆ. ಒಂದು ಹನಿಯೂ ಹಾಕಬೇಡಿ. ಇನ್ನೊಂದು, ಹೈ ಅಂದರೆ ಜಾಸ್ತಿ ಬಿಸಿ ಅಂತ ನಾನು ತಿಳಿದಿದ್ದೆ. ಹಾಗಲ್ಲ. ಲೋ ಇಡಿ, ಹೈ ಇಡಿ, ಕೊನೆಗೆ ಮುಟ್ಟುವುದು ಕುದಿಯುವ ಹಂತದ ಹತ್ತಿರಕ್ಕೇ. ಹೈ ಬೇಗ ಮುಟ್ಟುತ್ತದೆ, ಲೋ ತಡವಾಗಿ ಮುಟ್ಟುತ್ತದೆ, ಅಷ್ಟೇ.

ಅತ್ತೆಗೆ ಮೊದಲು ಇದರ ಮೇಲೆ ನಂಬಿಕೆಯೇ ಇರಲಿಲ್ಲ. "ಬೆಂಕಿ ಇಲ್ಲ, ಸೀಟಿ ಇಲ್ಲ, ಕೋಳಿ ಹ್ಯಾಂಗ ಬೇಯ್ತದವ್ವಾ?" ಅಂತ ಅರ್ಧ ತಾಸಿಗೊಮ್ಮೆ ಮುಚ್ಚಳ ತೆಗೆದು ನೋಡುತ್ತಿದ್ದರು. ಒಮ್ಮೆ ತೆಗೆದರೆ ಒಳಗಿನ ಕಾವು ಹೋಗಿ ಇಪ್ಪತ್ತು ನಿಮಿಷ ಹಿಂದೆ ಬೀಳುತ್ತದೆ. ಗಾಜಿನ ಮುಚ್ಚಳ ಅಲ್ವಾ, ಮೇಲಿಂದಲೇ ನೋಡ್ರಿ ಅಂತ ತಿಳಿಸಿ ಹೇಳಿದೆ. ಈಗ ಅವರೇ ಮಕ್ಕಳ ಕೈಯನ್ನು ತಡೆಯುತ್ತಾರೆ.

ಎರಡು ಗಂಟೆಗೆ ಮನೆ ಬಾಗಿಲು ತೆಗೆದಾಗ ಬರುವ ಆ ವಾಸನೆಯನ್ನು ಹೇಗೆ ಹೇಳಲಿ. ಬೆಳ್ಳುಳ್ಳಿ, ಬೆಲ್ಲ, ಹುಳಿ ಮೂರೂ ಕೂಡಿ ಪಡಸಾಲೆಯವರೆಗೆ ತುಂಬಿರುತ್ತದೆ. ಹೊರಗೆ ರಸ್ತೆ ಕಾದ ಹಂಚು, ಒಳಗೆ ಊಟ ತಯಾರು. ಆ ಹೊತ್ತಿಗೆ ನನಗೆ ಯಾರೋ ಅಡುಗೆ ಮಾಡಿ ಕಾದಿದ್ದಾರೆ ಅನ್ನಿಸುತ್ತದೆ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಈ ಸುಖ ನನಗೆ ಗೊತ್ತಿರಲಿಲ್ಲ.

ಇದಕ್ಕೇ ಆ ಒಂದು ದೋಷ ನನ್ನನ್ನು ಅಷ್ಟು ನೋಯಿಸಿದ್ದು.

ತಂದು ಐದನೇ ತಿಂಗಳು, ಮಾರ್ಚ್ ಕೊನೆ. ಕಚೇರಿಯ ಸಮಯ ಇನ್ನೂ ಬದಲಾಗಿರಲಿಲ್ಲ. ಅತ್ತೆ ಆಳಂದದ ತಮ್ಮನ ಮನೆಗೆ ಹೋಗಿದ್ದರು. ಒಂಬತ್ತೂಕಾಲಿಗೆ ಕೋಳಿ ಇಟ್ಟು ಹೋದೆ. ಸಂಜೆ ಆರಕ್ಕೆ ಬಾಗಿಲು ತೆಗೆದರೆ ವಾಸನೆ ಇಲ್ಲ. ಫ್ಯಾನ್ ತಿರುಗುತ್ತಿದೆ, ಫ್ರಿಜ್ ಓಡುತ್ತಿದೆ, ಕುಕ್ಕರ್ ಡಿಸ್‌ಪ್ಲೇಯಲ್ಲಿ ಬರೀ ಎರಡು ಗೆರೆ. ಪಾತ್ರೆ ಉಗುರು ಬೆಚ್ಚಗೆ. ಪಕ್ಕದ ಮನೆಯ ಕಾಕುನ ಕೇಳಿದೆ. "ಹನ್ನೊಂದಕ್ಕ ಹೋಗಿತ್ತವ್ವಾ, ಅರ್ಧ ತಾಸಿನಾಗ ಬಂತಲ್ಲ" ಅಂದರು. ಅರ್ಧ ತಾಸು! ಕರೆಂಟ್ ಬಂದರೂ ಇದು ಚಾಲೂ ಆಗಿಲ್ಲ. ಯಾರಾದರೂ ಬಂದು ಬಟನ್ ಒತ್ತಲಿ ಅಂತ ಆರೂವರೆ ತಾಸು ಸುಮ್ನೆ ಕೂತಿದೆ.

ಆ ಕೋಳಿಯನ್ನು ಮತ್ತೆ ಕುದಿಸಿ ತಿನ್ನಬಹುದಿತ್ತಲ್ಲ ಅಂತ ಕೆಲವರು ಹೇಳಿದರು. ಆಗುವುದಿಲ್ಲ. ಕೋಳಿ ಒಳಗೆ 74 ಡಿಗ್ರಿ ಮುಟ್ಟಬೇಕು. 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಬೇಗ ಬೆಳೆಯುತ್ತವೆ. ಮಾಮೂಲಿ ದಿನಗಳಲ್ಲಿ ಆ ಬಿಸಿಯಲ್ಲಿ ಎರಡು ತಾಸಿಗಿಂತ ಜಾಸ್ತಿ ಬಿಡಬಾರದು. ಹೊರಗೆ 32 ಡಿಗ್ರಿ ದಾಟಿದ್ದರೆ ಒಂದೇ ತಾಸು. ನಮ್ಮೂರಲ್ಲಿ ಅವತ್ತು 40ರ ಹತ್ತಿರ ಇತ್ತು. ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಆಮೇಲೆ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಒಂದೂಕಾಲು ಕೆಜಿ ಕೋಳಿ ಚೆಲ್ಲಿದೆ. ಮಕ್ಕಳು ಹಸಿದು ನಿಂತಿದ್ದರು. ಅವತ್ತು ರಾತ್ರಿ ಚುರಮುರಿ ಸೂಸಲಾ ಮಾಡಿ ಕೊಟ್ಟೆ.

ಕಂಪನಿಗೆ ಫೋನ್ ಮಾಡಿದೆ. "ಅದು ಸುರಕ್ಷತೆಗೆ ಹಾಗೆ ಮಾಡಿದ್ದು ಮೇಡಂ" ಅಂದರು. ಸಿಟ್ಟು ಬಂತು. ಮನೆಯಲ್ಲಿ ಯಾರೂ ಇಲ್ಲದಾಗ ಬೇಯಿಸಲಿಕ್ಕೇ ಅಂತ ಮಾರುವ ಪಾತ್ರೆ ಇದು. ಕರೆಂಟ್ ಒಂದು ನಿಮಿಷ ಹೋಗಿ ಬಂದರೂ ನಿಂತೇಬಿಡುತ್ತದೆ ಅಂತ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಬೇಕಲ್ವಾ? ಪುಸ್ತಕದ ಹತ್ತೊಂಬತ್ತನೇ ಪುಟದಲ್ಲಿ ಒಂದೇ ಸಾಲು ಇತ್ತು. ಎರಡು ತಿಂಗಳು ಕುಕ್ಕರನ್ನು ಅಟ್ಟದ ಮೇಲೆ ಇಟ್ಟೆ.

ಆಮೇಲೆ ಸಮಾಧಾನದಿಂದ ಯೋಚಿಸಿದಾಗ ಅವರ ಮಾತಿನಲ್ಲೂ ಅರ್ಥ ಇದೆ ಅನ್ನಿಸಿತು. ತಿರುವುವ ನಾಬ್ ಇರುವ ಹಳೆ ಮಾದರಿಯಲ್ಲಿ ಕರೆಂಟ್ ಬಂದ ಕೂಡಲೇ ಮತ್ತೆ ಕಾಯಲು ಶುರು. ಅರ್ಧ ತಾಸು ಹೋಗಿದ್ದರೆ ಅದು ವರವೇ. ಆದರೆ ನಾಲ್ಕು ತಾಸು ಹೋಗಿ ಬಂದಿದ್ದರೆ? ಸಂಜೆ ನಾವು ಬರುವಷ್ಟರಲ್ಲಿ ಕೋಳಿ ಬಿಸಿಯಾಗಿ ಕುದಿಯುತ್ತಿರುತ್ತದೆ, ನಡುವೆ ಏನಾಗಿತ್ತು ಅಂತ ಗೊತ್ತೇ ಆಗುವುದಿಲ್ಲ. ಡಿಜಿಟಲ್‌ನಲ್ಲಿ ಇನ್ನೊಂದು ಅನುಕೂಲ ಇದೆ. ಆರು ತಾಸು ಮುಗಿದ ಮೇಲೆ ತಾನೇ ವಾರ್ಮ್‌ಗೆ ಹೋಗಿ 60 ಡಿಗ್ರಿಗಿಂತ ಮೇಲೆ ಬಿಸಿ ಹಿಡಿದಿಡುತ್ತದೆ. ಕಚೇರಿ ಹತ್ತರಿಂದ ಐದೂವರೆ ಇರುವ ತಿಂಗಳುಗಳಲ್ಲಿ ನನಗೆ ಇದು ಬೇಕೇ ಬೇಕು. ನಾಬ್‌ನದಾದರೆ ಒಂಬತ್ತು ತಾಸು ಬೆಂದು ಕೋಳಿ ಮುದ್ದೆಯಾಗುತ್ತದೆ.

ದಾರಿ ಹೊಳೆದದ್ದು ನಮ್ಮ ಮನೆಯವರಿಗೆ. ಇಂಡಕ್ಷನ್ ಒಲೆ ಮನೆಯ ಇನ್ವರ್ಟರ್ ಮೇಲೆ ನಡೆಯುವುದಿಲ್ಲ, ಅದಕ್ಕೆ 2000 ವ್ಯಾಟ್ ಬೇಕು. ಇದಕ್ಕೆ ಬೇಕಾಗಿದ್ದು ಬರೀ 200, ಮೂರು ಫ್ಯಾನ್‌ನಷ್ಟು. ನಮ್ಮದು 150 ಆಂಪಿಯರ್ ಅವರ್ ಬ್ಯಾಟರಿ. ಎರಡು ಫ್ಯಾನ್ ಜೊತೆಗೆ ಇದನ್ನೂ ಒಂದೆರಡು ತಾಸು ಆರಾಮಾಗಿ ಎಳೆಯುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಅಡುಗೆಮನೆಯ ಒಂದು ಪ್ಲಗ್ಗಿಗೆ ಇನ್ವರ್ಟರ್ ಲೈನ್ ಎಳೆಸಿದೆವು. 600 ರೂಪಾಯಿ ಆಯಿತು.

ಮೇನ್ ಆಫ್ ಮಾಡಿ ಪರೀಕ್ಷೆ ಮಾಡಿದರೆ ಮತ್ತೆ ಅದೇ ಎರಡು ಗೆರೆ! ನನಗೆ ಅಳುವೇ ಬಂದಿತ್ತು. ಎಲೆಕ್ಟ್ರಿಷಿಯನ್ ಇನ್ವರ್ಟರ್ ಹಿಂದೆ ಬಗ್ಗಿ ಒಂದು ಸಣ್ಣ ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಳ್ಳಿದ. ಆ ಮೋಡ್‌ನಲ್ಲಿ ಮೇನ್‌ನಿಂದ ಬ್ಯಾಟರಿಗೆ ಕರೆಂಟ್ ಬದಲಾಗುವುದು ತುಂಬಾ ಬೇಗ, ಕಂಪ್ಯೂಟರ್ ಆಫ್ ಆಗದಿರಲಿ ಅಂತ ಇಟ್ಟಿರುವುದು. ಮತ್ತೆ ಮೇನ್ ಆಫ್ ಮಾಡಿದೆವು. ಡಿಸ್‌ಪ್ಲೇ ಅಲುಗಾಡಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಒಂದು ಸಲವೂ ನಿಂತಿಲ್ಲ. ನಿಮ್ಮ ಇನ್ವರ್ಟರ್‌ಗೂ ಆ ಸ್ವಿಚ್ ಇರಬಹುದು, ನೋಡಿ. ದಿನಕ್ಕೆ ನಾಲ್ಕು ತಾಸು ಕರೆಂಟ್ ತೆಗೆಯುವ ದಿನ ಮಾತ್ರ ನಾನು ಇದನ್ನು ಹಚ್ಚುವುದಿಲ್ಲ.

ಇನ್ನು ರುಚಿಯ ವಿಷಯ. ಇದರಲ್ಲಿ ಆಗುವುದು ನಿಜವಾದ ಬಾರ್ಬೆಕ್ಯೂ ಅಲ್ಲ. ಕಟ್ಟಿಗೆಯ ಹೊಗೆ ಇಲ್ಲ, ಸುಟ್ಟ ಅಂಚು ಇಲ್ಲ. ಅದಕ್ಕೆ ಕೊನೆಗೆ ಹತ್ತು ನಿಮಿಷ ಕೆಲಸ ಇದೆ. ರಸವನ್ನು ಬಾಣಲೆಗೆ ಬಸಿದು ಜೋರು ಉರಿಯಲ್ಲಿ ಜೇನಿನಷ್ಟು ದಪ್ಪ ಮಾಡುತ್ತೇನೆ. ಕೋಳಿಯನ್ನು ಕಾದ ರೊಟ್ಟಿ ಹಂಚಿನ ಮೇಲೆ ಒಂದೊಂದು ಮಗ್ಗುಲು ಒಂದು ನಿಮಿಷ ಇಡುತ್ತೇನೆ, ಬೆಲ್ಲ ಹಿಡಿದು ಅಂಚು ಕರ್ರಗಾಗುತ್ತದೆ. ಹೊಗೆಗೆ ನಮ್ಮೂರ ಧುಂಗಾರ್ ಇದೆಯಲ್ಲ. ಇದ್ದಿಲು ನಮ್ಮ ಓಣಿಯ ಇಸ್ತ್ರಿ ಅಂಗಡಿಯವರು ಕೊಡುತ್ತಾರೆ, ಎರಡು ತುಂಡು ಸಾಕು. ಕೆಂಡ ಮಾಡಿ, ಸ್ಟೀಲ್ ಬಟ್ಟಲಲ್ಲಿ ಕೋಳಿಯ ನಡುವೆ ಇಟ್ಟು, ಅರ್ಧ ಚಮಚ ತುಪ್ಪ ಬಿಟ್ಟು ತಕ್ಷಣ ಮುಚ್ಚಬೇಕು. ಐದು ನಿಮಿಷ ಸಾಕು, ಜಾಸ್ತಿ ಆದರೆ ಕಹಿ. ಟೆಕ್ಸಾಸ್‌ನ ನಾದಿನಿ ತಿಂದು ಇನ್ನೊಂದು ಪೀಸ್ ಹಾಕಿಸಿಕೊಂಡಳು.

ಬನ್ ತಂದು ನೋಡಿದೆವು, ಮಕ್ಕಳಿಗೆ ಸೇರಿತು. ಅತ್ತೆಗೆ ಬೇಕಾಗಿದ್ದು ಖಡಕ್ ರೊಟ್ಟಿ. ಜೋಳದ ಖಡಕ್ ರೊಟ್ಟಿ ಮುರಿದು ಆ ದಪ್ಪ ರಸದಲ್ಲಿ ಅದ್ದಿ, ಮೇಲೆ ಹಸಿ ಉಳ್ಳಾಗಡ್ಡಿ ಇಟ್ಟು ಕೊಟ್ಟರು. ಅವತ್ತಿನಿಂದ ನಮ್ಮ ಮನೆಗೆ ಬನ್ ಬಂದಿಲ್ಲ.

ಸಣ್ಣಪುಟ್ಟ ಮಾತು: ಬೆಲ್ಲ ಪಾತ್ರೆಯ ಅಂಚಿಗೆ ಕಪ್ಪಗೆ ಹತ್ತಿಕೊಳ್ಳುತ್ತದೆ, ರಾತ್ರಿ ನೆನೆ ಹಾಕಿದರೆ ಬೆಳಿಗ್ಗೆ ಬಿಡುತ್ತದೆ. ಬಿಸಿ ಪಿಂಗಾಣಿಗೆ ತಣ್ಣೀರು ತಾಗಿಸಬೇಡಿ, ಸೀಳುತ್ತದೆ. ಫ್ರೀಜರ್‌ನ ಗಟ್ಟಿ ಕೋಳಿಯನ್ನು ಹಾಗೇ ಹಾಕಬೇಡಿ, ಬಿಸಿ ಏರುವುದು ತಡ ಆಗುತ್ತದೆ. ಒಣ ರಾಜ್ಮಾ ಮಾಡುವುದಾದರೆ ನೆನೆಸಿ, ಮೊದಲು ಒಲೆ ಮೇಲೆ ಹತ್ತು ನಿಮಿಷ ಕುದಿಸಿಯೇ ಇದಕ್ಕೆ ಹಾಕಿ. ಇದರ ಸಣ್ಣ ಕಾವಿನಲ್ಲಿ ರಾಜ್ಮಾದ ವಿಷ ಹೋಗುವುದಿಲ್ಲ. ತೊಗರಿ ಬೇಳೆಗೆ ಇದು ಬೇಡವೇ ಬೇಡ, ಪ್ರೆಶರ್ ಕುಕ್ಕರ್ ಇದೆ. ಕರೆಂಟ್ ಖರ್ಚು ಒಂದು ಸಲಕ್ಕೆ ಒಂದು ಯೂನಿಟ್ ಆಸುಪಾಸು.

ಹೋದ ತಿಂಗಳು ಬೀದರ್‌ನ ನಮ್ಮ ಅಕ್ಕ ಫೋನ್ ಮಾಡಿ ಯಾವುದು ತಗೊಳ್ಲಿ ಅಂತ ಕೇಳಿದಳು. ಅವಳ ಮನೆಯಲ್ಲಿ ಇನ್ವರ್ಟರ್ ಇಲ್ಲ, ಆದರೆ ದಿನವಿಡೀ ಮನೆಯಲ್ಲೇ ಇರುತ್ತಾಳೆ, ಕರೆಂಟ್ ಹೋದದ್ದು ಅವಳಿಗೆ ಗೊತ್ತಾಗುತ್ತದೆ. ನಾಬ್‌ನದೇ ತಗೋ ಅಂದೆ, ಬೆಲೆಯೂ ಕಮ್ಮಿ. ಅಂಗಡಿಯಲ್ಲಿ ಹಚ್ಚಿಸಿ, ಪ್ಲಗ್ ಕಿತ್ತು, ಮತ್ತೆ ಹಾಕಿ ನೋಡು, ದೀಪ ತಾನೇ ಹತ್ತಿದರೆ ಮಾತ್ರ ದುಡ್ಡು ಕೊಡು ಅಂತ ಹೇಳಿದೆ. ಹಾಗೇ ಮಾಡಿ ತಂದಿದ್ದಾಳೆ. ಮೊದಲ ದಿನ ಒಂದು ಲೋಟ ನೀರು ಹಾಕಿದ್ದಾಳಂತೆ.