ಮೆಟಾಲಿಕಾ: ‘72 ಸೀಸನ್ಸ್’ ಮೊದಲಾ, ‘ಡೆತ್ ಮ್ಯಾಗ್ನೆಟಿಕ್’ ಮೊದಲಾ?

ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದ ಈ ಎರಡು ಆಲ್ಬಮ್‌ಗಳಲ್ಲಿ ಯಾವುದನ್ನು ಮೊದಲು ಕೇಳಬೇಕು? ಕಾರವಾರದ ನಮ್ಮ ಗೆಳೆಯರಲ್ಲಿ ಇದು ಮುಗಿಯದ ಚರ್ಚೆ. 2023ರ ‘72 ಸೀಸನ್ಸ್’ ಉದ್ದ ಜಾಸ್ತಿ ಅನ್ನೋದು ಹಲವರ ದೂರು. ನಿಜವೇ, 12 ಹಾಡು, 77 ನಿಮಿಷ. ಆದರೆ ಒಂದೊಂದು ವಾದ್ಯವೂ ಬಿಡಿಬಿಡಿಯಾಗಿ ಕೇಳುತ್ತದೆ. ಕೊನೆಯ ‘ಇನಾಮೊರಾಟಾ’ 11 ನಿಮಿಷ ದಾಟುತ್ತದೆ. ನಡುವೆ ಗಿಟಾರ್ ಅಬ್ಬರ ಇಳಿದು ಬೇಸ್ ಮುಂದೆ ಬರುತ್ತದಲ್ಲ, ಅಲ್ಲಿ ಮೈ ಜುಮ್ಮೆನ್ನುತ್ತದೆ.

2008ರ ‘ಡೆತ್ ಮ್ಯಾಗ್ನೆಟಿಕ್’ನ ಹಾಡುಗಳಲ್ಲಿ ಕಸುವು ಹೆಚ್ಚು. ಆದರೆ ಸದ್ದು ಅತಿಯಾಗಿ ಏರಿಸಿದ್ದರಿಂದ ಡ್ರಮ್ ಏಟು ಒಡೆದು ಕೇಳುತ್ತದೆ. ‘ಗಿಟಾರ್ ಹೀರೋ’ ವಿಡಿಯೊ ಗೇಮ್‌ನಲ್ಲಿರೋ ಅದೇ ಹಾಡುಗಳು ಇದಕ್ಕಿಂತ ಚೆನ್ನಾಗಿವೆ ಅಂತ ಆಗಲೇ ಕೇಳುಗರು ಗಲಾಟೆ ಎಬ್ಬಿಸಿದ್ದರು.

ಕುಮಟಾ–ಶಿರಸಿ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿ ಕೇಳೋದಾದರೆ ‘72 ಸೀಸನ್ಸ್’ ತಗೊಳ್ಳಿ. ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ದೇವಿಮನೆ ಘಟ್ಟದಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಹಳೆಯ ಆವೇಶವೇ ಬೇಕು ಅಂದ್ರೆ ‘ಡೆತ್ ಮ್ಯಾಗ್ನೆಟಿಕ್’, ವಾಲ್ಯೂಮ್ ಸ್ವಲ್ಪ ತಗ್ಗಿಸಿ.